ಬಹೀಜಾ ಹಾಕಿದ ಹೊಲಿಗೆ

ಕ್ಲಬ್ಬಿನ ಕುಣಿತ ಮುಗಿಸಿ ರಾವಿಯಾ ಒಬ್ಬಳೇ ನಮ್ಮ ಬೀದಿಯ ನೀರಿನ ಕಟ್ಟೆ ದಾಟ್ತಿದ್ದಳು. ನಮ್ಮಜ್ಜಿ ಕಾಲಕ್ಕೇ ಬತ್ತಿಹೋದ ಕಟ್ಟೆ ಅದು. ರಾವಿಯಾ ಅಂದ್ರೆ ನನ್ನ ಚಿಕ್ಕಮ್ಮನ ಮಗಳು. ಕೈರೋದ ಕ್ಲಬ್ಬಲ್ಲಿ ಹಿಂದಿನ ಸಾಲಲ್ಲಿ ಕುಣೀತಿದ್ದಳು. ಪಿಕ್ಚರಲ್ಲಿ ಮುಖ ಕಾಣಬೇಕು ಅಂತ ಒಂದೇ ಹಟ. ಆ ರಾತ್ರಿ, ಪಿಕ್ಚರ್ ತೆಗೆಯೋ ಮಮ್ದೂಹ್ ಬೇ (ಬೇ ಅಂದ್ರೆ ನಮ್ಮಲ್ಲಿ ಸಾಹೇಬ) ಹೇಳಿಕಳಿಸಿದ್ದ: "ಬಟ್ಟೆ ಬದಲಾಯಿಸಬೇಡ, ಹಾಗೇ ಮನೆಗೆ ಬಾ. ಪಾರ್ಟು ನಿನಗೇ."

ಇದರ ಅರ್ಥ ಅವಳಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಮಣಿರವಿಕೆ ಮೇಲೆ ಕರಿ ನಿಲುವಂಗಿ ಎಳ್ಕೊಂಡು ಹೊರಟಿದ್ದಳು. ಬೀದಿ ತುದೀಲಿ ಅವನ ಕಾರು ಕಾಯ್ತಿತ್ತು.

ತೊಟ್... ತೊಟ್... ತೊಟ್...

ನೀರು! ತಿರುಗಿ ನೋಡಿದ್ರೆ ಕಟ್ಟೆ ಮೇಲೆ ಒಬ್ಬ ಹೆಂಗಸು. ಮುಖದ ತುಂಬಾ ಒದ್ದೆ ಕೂದಲು.

"ಹುಕ್ಕು ಬಿಟ್ಟಿದೆ ಕಣೇ," ಅಂತ ಪಿಸುಗುಟ್ಟಿದಳು. "ತಿರುಗು."

ಬೆನ್ನಿನ ಹುಕ್ಕು ನಮ್ಮ ಕೈಗೆ ಎಟುಕಲ್ಲ ನೋಡಿ. ಕುಣಿಯೋರಲ್ಲಿ ಎಷ್ಟೇ ಜಗಳ ಇರಲಿ, ಜೊತೆಯವಳು 'ತಿರುಗು' ಅಂದ್ರೆ ತಿರುಗೋದೇ. ನಿಲುವಂಗಿ ಒಳಗಿನ ಹುಕ್ಕು ಇವಳಿಗೆ ಹೇಗೆ ಕಾಣ್ತು ಅಂತ ಆ ಪೆದ್ದಿಗೆ ಹೊಳೀಲೇ ಇಲ್ಲ. ನಿಲುವಂಗಿ ಜಾರಿಸಿ ಬೆನ್ನು ಕೊಟ್ಟಳು.

ಬೆರಳು... ಮಂಜುಗಡ್ಡೆ. ಸರ್ರ್... ಸರ್ರ್... ಅಂತ ದಾರ ಎಳೆದ ಸದ್ದು.

"ಎಲ್ಲಿಗೆ?"

"ಬೇ ಮನೆಗೆ. ಪಿಕ್ಚರಿಗೆ."

"ನನಗೂ ಪಿಕ್ಚರ್ ಅಂದಿದ್ದ."

"ಹೌದಾ? ಯಾವ ಪಾರ್ಟು ಕೊಟ್ಟ?"

ತಿರುಗಿದ್ರೆ ಕಟ್ಟೆ ಖಾಲಿ. ಅತ್ತ ಕಾರು ಪೋಂ ಅಂತು. ಓಡಿದಳು.

ಬೆಳಗಿನ ಜಾವ ಬಿಕ್ಕುತ್ತಾ ನನ್ನ ಬಾಗಿಲು ಬಡಿದಳು.

"ಏನು ಮಾಡಿದ್ನೇ ಆ ಹಾಳಾದವನು?"

"ಏನೂ ಮಾಡೋಕಾಗ್ಲಿಲ್ಲ ಅವನಿಗೆ! ರವಿಕೆ ಬಿಚ್ಚಿಕೊಳ್ಳಲೇ ಇಲ್ಲ ಕಣೇ. ಎಳೆದ, ಜಗ್ಗಿದ, ಚಾಕೂ ಹಾಕಿದ. ಆಮೇಲೆ ಕತ್ತು ಹಿಡಿದು ಆಚೆ ತಳ್ಳಿದ. ನನ್ನ ಪಾರ್ಟು ಹೋಯ್ತು... ಕಟ್ಟೆ ಮೇಲಿದ್ದ ಆ ಒದ್ದೆ ಕೂದಲಿನ ಮುಂಡೆ ಯಾರೇ, ಇದನ್ನ ಹೀಗೆ ಹಾಕಿದ್ದು? ಅವಳಿಗೂ ಬೇ ಪಿಕ್ಚರ್ ಅಂದಿದ್ದನಂತೆ!"

ಪಾರ್ಟಿಗೋಸ್ಕರ ಅಳ್ತಿದ್ದಾಳೆ, ಅಯ್ಯೋ ದೇವರೇ! ಬೈಯೋಣ ಅಂತ ಬಾಯಿ ತೆಗೆದೆ, ನನಗೂ ಅಳುವೇ ಬಂತು. ಬಹೀಜಾ ನೆನಪಾದಳು. ಅದೇ ಕ್ಲಬ್ಬಿನವಳು, ನಮ್ಮ ಬೀದಿಯವಳೇ. ಹಿಂದಿನ ವರ್ಷ ಅದೇ ಬೇ ಮನೆಗೆ ಹೋದವಳು, ಮೂರನೇ ದಿನ ನೈಲ್ ನದೀಲಿ ತೇಲಿದಳು. ಮೈಮೇಲೆ ಹರಿದ ಮಣಿರವಿಕೆ. ಕುಣಿಯೋಳು ತಾನೇ ಅಂತ ಪೊಲೀಸರೂ ಕೇಳಲಿಲ್ಲ, ನಮ್ಮ ಬೀದಿಯವರೂ ಕೇಳಲಿಲ್ಲ. ಪಾಪ, ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ರಾವಿಯಾಳನ್ನ ಕೂರಿಸಿ ಕತ್ತರಿ ತಂದೆ. ಚಾಕುವಿಗೆ ಬಗ್ಗದ್ದು ನನ್ನ ಹಳೇ ಕತ್ತರಿಗೆ ಸುಮ್ಮನೆ ಬಿಚ್ಚಿಕೊಳ್ತು. ಹುಕ್ಕುಗಳ ಉದ್ದಕ್ಕೂ ಒತ್ತೊತ್ತಾಗಿ ಹೊಲಿಗೆ. ದಾರ ಇನ್ನೂ ಒದ್ದೆ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ಹೊಲಿಗೆ ಕತ್ತರಿಸಿದ್ದು ಇದೇ ಕೈ. ಗಂಟುಗಳೆಲ್ಲ ಒಳಗಡೆ ಇದ್ದವು... ಮೈಗೆ ಅಂಟಿಕೊಂಡಿರೋ ಕಡೆ, ಹೊರಗೆ ನಿಂತು ಹೊಲಿಯೋರ ಕೈ ಹೋಗದ ಕಡೆ.