ಎರಡು ಕೋಟು ತೊಟ್ಟ ಭಾನುವಾರ

ಮಾನ್ಯ ಅಧ್ಯಕ್ಷರೂ ನಮ್ಮ ಫೆರಿಮೆನ್ ಅಮೆರಿಕನ್ ಫುಟ್ಬಾಲ್ ತಂಡದ ಒಡತಿಯೂ ಆದ ಶ್ರೀಮತಿ ಲೊರೆಟ್ಟಾ ಕ್ರೌಸ್ ಅವರೇ, ಊಟಕ್ಕೆ ಮುಂಚೆ ಪ್ರಾರ್ಥನೆ ಶುರುಮಾಡಿ ಮೀನು ತಣ್ಣಗಾಗುವವರೆಗೂ ನಿಲ್ಲಿಸದ ಫಾದರ್ ಕ್ಯಾಸಿಮಿರ್ ಅವರೇ, ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕುಳಿತೂ ಒಬ್ಬರ ಮುಖ ಒಬ್ಬರು ನೋಡದಿರುವ ನಮ್ಮ ಕೋಚ್ ಗಾರ್ಲೆಂಡ್ ಪ್ರೂಯಿಟ್ ಮತ್ತು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ವೇಡ್ ಹಾಲೊವೇ ಅವರೇ, ಹದಿನೇಳು ವಾರ ಗಂಟಲು ಹರಿದುಕೊಂಡು ಇವತ್ತು ಕೆಮ್ಮುತ್ತಾ ಕುಳಿತಿರುವ ಟೊಲೀಡೊ ನಗರದ ಅಭಿಮಾನಿ ಸಂಘದ ಸಭಿಕರೇ,

ನಾನು ಲಿಯೊನಾರ್ಡ್ ಕುಜ್ಮಿಟ್ಸ್ಕಿ. ನಿಮ್ಮಲ್ಲಿ ಅನೇಕರಿಗೆ ಲಿಯೊ. ಮೂವತ್ತೊಂದು ವರ್ಷ ಈ ತಂಡದ ಶೂ, ಹೆಲ್ಮೆಟ್ಟು, ಟವೆಲು ನೋಡಿಕೊಂಡವನು. ಇವತ್ತಿಗೆ ನನ್ನ ಕೆಲಸ ಮುಗಿಯಿತು. ನನ್ನಂಥವನಿಗೂ ಒಂದು ಬೀಳ್ಕೊಡುಗೆ, ಒಂದು ಫಲಕ, ಫಲಕದ ಮೇಲೆ ಹೆಸರು! ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ, ಇರಲಿ. ನಮ್ಮ ಹೆಸರಿನಲ್ಲಿ ಅಕ್ಷರಗಳಿಗೆ ಬರವಿಲ್ಲ.

ಐದೇ ನಿಮಿಷ ಮಾತಾಡಬೇಕು ಎಂದು ನನ್ನ ಹೆಂಡತಿ ಬರ್ನಡೈನ್ ಹೇಳಿದ್ದಾಳೆ. ಭಾಷಣವನ್ನೂ ಅವಳೇ ಬರೆದುಕೊಟ್ಟಿದ್ದಾಳೆ. ಮೂರನೇ ಟೇಬಲಿನಲ್ಲಿ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕುಳಿತಿದ್ದಾಳೆ. ಭಾಷಣ ಚೆನ್ನಾಗಿದೆ. ಎಲ್ಲರಿಗೂ ವಂದನೆ, ಯಾರಿಗೂ ಬೈಗುಳ ಇಲ್ಲ. ಅದನ್ನು ಮನೆಗೆ ಹೋದ ಮೇಲೆ ಅವಳಿಗೇ ಓದಿ ಹೇಳುತ್ತೇನೆ.

ಸಭಿಕರೇ, ಈ ವರ್ಷ ನಾವು ಸೋತೆವೇ? ಸೋತೆವು. ಚೆನ್ನಾಗಿ ಸೋತೆವೇ? ಅದೂ ಇಲ್ಲ. ಮಳೆಯಲ್ಲಿ ಸೋತೆವು, ಬಿಸಿಲಿನಲ್ಲಿ ಸೋತೆವು, ಗೆದ್ದಾಯಿತು ಎಂದು ನಾನು ಟವೆಲು ಮಡಿಸಲು ಶುರುಮಾಡಿದ ಮೇಲೂ ಒಮ್ಮೆ ಸೋತೆವು. ಹದಿನೇಳು ಪಂದ್ಯ, ಹದಿನೈದು ಸೋಲು. ಅಕ್ಟೋಬರಿನಲ್ಲಿ ಟಲ್ಸಾ ತಂಡವನ್ನು ಹೇಗೋ ಹೊಡೆದೆವು. ಆಮೇಲೆ ಜನವರಿಯ ಕೊನೆಯ ಪಂದ್ಯದಲ್ಲಿ, ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದ ಒಮಾಹಾ ತಂಡವನ್ನು ಮೂವತ್ತೊಂದು-ಹತ್ತರಿಂದ ಚಚ್ಚಿ ಹಾಕಿದೆವು!

ಚಪ್ಪಾಳೆ ಹೊಡೆಯಿರಿ, ಹೊಡೆಯಿರಿ. ಆದರೆ ಹಿಂದಿನ ಸಾಲಿನಲ್ಲಿ ಕೆಲವರು ಕೈ ಕಟ್ಟಿಕೊಂಡು ಕುಳಿತಿದ್ದೀರಿ. ಯಾಕೆಂದು ಗೊತ್ತು. ಎಲ್ಲರಿಗಿಂತ ಹೀನಾಯವಾಗಿ ಸೋತವರಿಗೆ ಕಾಲೇಜಿನಿಂದ ಬರುವ ಹೊಸ ಹುಡುಗರಲ್ಲಿ ಮೊದಲನೆಯವನನ್ನು ಆರಿಸಿಕೊಳ್ಳುವ ಹಕ್ಕು. ಆ ಒಂದು ಗೆಲುವಿನಿಂದ ನಾವು ಆ ಆಯ್ಕೆಯ ಸರದಿಯಲ್ಲಿ ಮೂರನೇ ಸ್ಥಾನಕ್ಕೆ ಜಾರಿದೆವು. "ಸೋಲೋದಕ್ಕೂ ಬರಲ್ವಲ್ರೋ ನಿಮಗೆ!" ಎಂದು ನನ್ನ ಕ್ಷೌರಿಕ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಕೂಗಾಡಿದ. ನನ್ನ ಕಿವಿ ಉಳಿದದ್ದೇ ಹೆಚ್ಚು.

ಈಗ ಊರೆಲ್ಲ ಒಂದೇ ಮಾತು. ಮುಂದಿನ ವರ್ಷ ಕೋಚ್ ಯಾರು, ಕ್ವಾರ್ಟರ್‌ಬ್ಯಾಕ್ ಯಾರು? ಒಮಾಹಾ ಪಂದ್ಯದಲ್ಲಿ ಕೋಚ್ ಪ್ರೂಯಿಟ್ ಹಾಕಿದ ಯೋಜನೆ ಅಂಥಿಂಥದ್ದಲ್ಲ, ಅವರನ್ನು ಇನ್ನೂ ಎರಡು ವರ್ಷ ಇಟ್ಟುಕೊಳ್ಳುತ್ತಾರೆ, ಮೂವತ್ತೈದು ತುಂಬಿದ ವೇಡ್‌ನನ್ನು ಇವತ್ತೇ ಕೈಕುಲುಕಿ ಕಳಿಸಿಬಿಡುತ್ತಾರೆ ಎಂದು ರೇಡಿಯೊದವರು ಹೇಳುತ್ತಿದ್ದಾರೆ. ನನ್ನ ಮಾತು ಮುಗಿದ ಮೇಲೆ ಅಧ್ಯಕ್ಷರು ಅದನ್ನು ಪ್ರಕಟಿಸುವವರಿದ್ದಾರೆ. ಅಂದರೆ ನಾನು ಎಲ್ಲಿಯವರೆಗೆ ಮಾತಾಡುತ್ತಿರುತ್ತೇನೋ ಅಲ್ಲಿಯವರೆಗೆ ವೇಡ್ ನಮ್ಮವನೇ. ಬರ್ನಡೈನ್, ಗಡಿಯಾರ ಕಟ್ಟಿಕೊ.

ವೇಡ್ ಬಗ್ಗೆ ಒಂದು ಮಾತು. ಒಂಬತ್ತು ವರ್ಷದಿಂದ ಅವನ ಹೆಲ್ಮೆಟ್ಟನ್ನು ಒರೆಸಿದ್ದೇನೆ. ಮೊಣಕಾಲಿಗೆ ಎರಡು ಸಲ ಕತ್ತರಿ ಬಿದ್ದಿದೆ. ಸೋತ ದಿನ ಬೇರೆಯವರು ಬಟ್ಟೆ ಬಿಸಾಡಿ ಹೋಗುತ್ತಾರೆ, ಇವನು ಕುಳಿತು ತನ್ನ ಸಾಕ್ಸನ್ನು ಜೋಡಿ ಮಾಡಿ ಇಡುತ್ತಾನೆ. "ಯಾಕಪ್ಪಾ ಇದೆಲ್ಲ?" ಎಂದರೆ, "ಲಿಯೊ ಅಜ್ಜ, ಇವತ್ತು ಇದೊಂದಾದ್ರೂ ಜೋಡಿ ಆಗ್ಲಿ ಬಿಡು. ನಾನೆಸೆದ ಚೆಂಡು ಯಾರ ಕೈಗೂ ಸೇರ್ಲಿಲ್ಲ" ಎನ್ನುತ್ತಾನೆ. ಇಂಥವನ ಮೇಲೆ ನೀವು ಒಂದು ವರ್ಷ ಡಿಸೆಂಬರಿನಲ್ಲಿ ಹಿಮದ ಉಂಡೆ ಎಸೆದಿರಿ. ಎಸೆತ ಚೆನ್ನಾಗಿತ್ತು, ಆದರೆ ತಗುಲಿದ್ದು ನನಗೆ.

ಕೋಚ್ ಪ್ರೂಯಿಟ್ ಬಗ್ಗೆ ಏನು ಹೇಳಲಿ? ಅವರು ಶಿಸ್ತಿನ ಮನುಷ್ಯ. ನೀರಿನ ಬಾಟಲಿಗಳ ಮುಚ್ಚಳಗಳು ಒಂದೇ ದಿಕ್ಕಿಗೆ ತಿರುಗಿರಬೇಕು. ಮೂರು ವರ್ಷದಲ್ಲಿ ಒಂದೇ ಒಂದು ಆಟವನ್ನೂ ವೇಡ್ ಇಷ್ಟಕ್ಕೆ ಬಿಟ್ಟವರಲ್ಲ. "ಯೋಚನೆ ಮಾಡ್ಬೇಡ ವೇಡ್. ಯೋಚನೆ ಮಾಡೋಕೆ ನಾನಿದ್ದೀನಿ. ನೀನು ನಂಬರ್ ಓದು" ಎನ್ನುತ್ತಿದ್ದರು.

ಈ ನಂಬರಿನ ವಿಷಯ ನಿಮಗೆಲ್ಲ ಗೊತ್ತು. ಫಾದರ್ ಅವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ, ಅವರು ಪಂದ್ಯಕ್ಕೆ ಬರುವುದು ಬಿಸಿ ಕೋಕೋ ಕುಡಿಯುವುದಕ್ಕೆ. ಫಾದರ್, ಕೋಚ್ ಮೈದಾನದ ಅಂಚಿನಲ್ಲಿ ನಿಂತು ಮೈಕಿನಲ್ಲಿ ಒಂದು ಸಂಖ್ಯೆ ಹೇಳುತ್ತಾರೆ. ವೇಡ್ ಹೆಲ್ಮೆಟ್ಟಿನೊಳಗೆ ಅದು ಕೇಳುತ್ತದೆ. ಅವನ ಮುಂಗೈಗೆ ಕಟ್ಟಿದ ಪಟ್ಟಿಯಲ್ಲಿ ಒಂದು ಚೀಟಿ ಇರುತ್ತದೆ. ಆ ಸಂಖ್ಯೆಯ ಎದುರಿಗೆ ಯಾವ ಆಟ, ಅಂದರೆ ಯಾರು ಎಲ್ಲಿಗೆ ಓಡಬೇಕು, ಚೆಂಡು ಯಾರಿಗೆ ಹೋಗಬೇಕು ಎಂದು ಬರೆದಿದೆಯೋ ಅದನ್ನು ಉಳಿದ ಹತ್ತು ಮಂದಿಗೆ ಹೇಳುತ್ತಾನೆ, ಎಲ್ಲರೂ ಓಡುತ್ತಾರೆ. ಎದುರಾಳಿಗೆ ಗುಟ್ಟು ತಿಳಿಯಬಾರದು ಎಂದು ವಾರ ವಾರ ಚೀಟಿ ಬದಲಾಗುತ್ತದೆ. ಈ ವಾರದ ನಲವತ್ತೆರಡು ಮುಂದಿನ ವಾರದ ನಲವತ್ತೆರಡಲ್ಲ. ಆ ಚೀಟಿ ಸೇರಿಸುವುದು ನನ್ನ ಕೆಲಸ.

ಹಳೆಯ ಚೀಟಿ? ಹರಿದು ಎಸೆಯುತ್ತೇವೆ. ಆದರೆ ಗೆದ್ದ ಪಂದ್ಯದ ಚೀಟಿಯನ್ನು ಎಸೆಯುವಂತಿಲ್ಲ! ಮುಂದಿನ ಗೆಲುವಿನವರೆಗೆ ಅದು ಸಾಮಾನು ನೋಡಿಕೊಳ್ಳುವವನ ಜೇಬಿನಲ್ಲೇ ಇರಬೇಕು. ನನಗಿಂತ ಮುಂಚೆ ಈ ಕೆಲಸದಲ್ಲಿದ್ದ ಮುದುಕ ಹೇಳಿಕೊಟ್ಟ ಕಟ್ಟಳೆ ಇದು. ನಗಬೇಡಿ. ಇಲ್ಲಿ ಕುಳಿತಿರುವ ಅರ್ಧ ಜನ ಈ ವರ್ಷವೆಲ್ಲ ಒಂದೇ ಒಳಚಡ್ಡಿಯಲ್ಲಿ ಪಂದ್ಯ ನೋಡಿದ್ದೀರಿ, ನಿಮ್ಮ ಹೆಂಡತಿಯರು ನನಗೆ ಹೇಳಿದ್ದಾರೆ.

ಹಾಗಾಗಿ ಟಲ್ಸಾ ಪಂದ್ಯದ ಚೀಟಿ ನನ್ನ ಕೋಟಿನ ಎಡ ಜೇಬಿನಲ್ಲೇ ಇತ್ತು. ಒಂದು ವಾರವಲ್ಲ, ಎರಡು ವಾರವಲ್ಲ. ಹನ್ನೊಂದು ಸೋಲನ್ನು ಅದು ನನ್ನ ಜೊತೆ ನಿಂತು ನೋಡಿತು. ಒಮಾಹಾ ಪಂದ್ಯದ ಭಾನುವಾರ ಬಂತು. ಸರೋವರದ ಕಡೆಯಿಂದ ಗಾಳಿ ಹೇಗಿತ್ತೆಂದರೆ, ಬೇಡ, ನೀವೂ ಅಲ್ಲೇ ಇದ್ದಿರಿ. "ಕೊನೇ ಪಂದ್ಯದಲ್ಲಿ ನ್ಯುಮೋನಿಯ ತಗೊಂಡ್ ಬಂದ್ರೆ ನಾನ್ ಮಾತ್ರ ಆರೈಕೆ ಮಾಡಲ್ಲ" ಎಂದು ಬರ್ನಡೈನ್ ಒಂದು ಕೋಟಿನ ಮೇಲೆ ಇನ್ನೊಂದು ಕೋಟು ತೊಡಿಸಿ ಕಳಿಸಿದಳು. ಎರಡು ಕೋಟು. ಎರಡು ಎಡ ಜೇಬು.

ಅಯ್ಯೋ.

ಬರ್ನಡೈನ್ ತಲೆಯ ಮೇಲೆ ಕೈ ಇಟ್ಟುಕೊಂಡಳು. ಈ ಕೋಟಿನ ಸುದ್ದಿ ಎತ್ತಬಾರದಿತ್ತು. ಮೂವತ್ತೆಂಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಮೀನಿನ ಜೊತೆ ಒಂದು ಬಿಯರ್ ಹೋಯಿತು, ಬಾಯಿಗೆ ಬಂದುಬಿಟ್ಟಿತು. ಕೋಚ್ ಕುರ್ಚಿಯಲ್ಲಿ ನೆಟ್ಟಗಾದರು. ವೇಡ್ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಾನೆ. ಇಲ್ಲ ಕಣೋ ವೇಡ್, ಅರ್ಧ ಹೇಳಿ ನಿಲ್ಲಿಸಿದರೆ ಕೋಚ್ ಕೆಡುತ್ತಾರೆ, ಹೇಳದೇ ಇದ್ದರೆ ನೀನು ಕೆಡುತ್ತೀಯ. ಪೂರ್ತಿ ಹೇಳಿಬಿಡುತ್ತೇನೆ, ಕೆಡುವುದಾದರೆ ನಾನೇ ಕೆಡಲಿ.

ಹೌದು ಸಭಿಕರೇ. ಒಮಾಹಾ ಪಂದ್ಯದ ದಿನ ಜೇಬು ತಪ್ಪಿ ನಾನು ವೇಡ್ ಕೈಗೆ ಕಟ್ಟಿದ್ದು ಅಕ್ಟೋಬರಿನ ಟಲ್ಸಾ ಚೀಟಿ!

ಮೊದಲ ಆಟ. ಕೋಚ್ ಮೈಕಿನಲ್ಲಿ ನಲವತ್ತೆರಡು ಎಂದರು. ಅವರ ಲೆಕ್ಕದಲ್ಲಿ ಅದು ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಮೂರು ಗಜ ಮುಂದೆ ಹೋಗಿ ಮಲಗುವ ಆಟ. ವೇಡ್ ಚೀಟಿಯಲ್ಲಿ ಅದು ಮೈದಾನದ ಆ ತುದಿಗೆ ಎಸೆಯುವ ಆಟ. ಎಸೆದ! ಚೆಂಡು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಒಮಾಹಾದವರು ಯಾರೂ ಅಲ್ಲಿ ಇರಲೇ ಇಲ್ಲ, ನಮ್ಮವನೊಬ್ಬನೇ ಇದ್ದ. ಟಚ್‌ಡೌನ್! ಏಳು-ಸೊನ್ನೆ! ಮುಂದಿನ ಸರದಿ. ಕೋಚ್ ಹತ್ತೊಂಬತ್ತು ಎಂದರು. ಟಲ್ಸಾ ಚೀಟಿಯ ಹತ್ತೊಂಬತ್ತು ಎಂದರೆ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡಬೇಕು. ಎರಡು ಸಲ ಮೊಣಕಾಲು ಕೊಯ್ಸಿಕೊಂಡವನು ಓಡಿದ! ಅವನು ಓಡುತ್ತಾನೆ ಎಂದು ಒಮಾಹಾದವರಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಅವನ ಹೆಂಡತಿಗೂ ಅನ್ನಿಸಿರಲಿಲ್ಲ. ಹದಿನಾಲ್ಕು-ಸೊನ್ನೆ!

ಕೋಚ್ ಮುಖ ನೀವು ನೋಡಬೇಕಿತ್ತು. ಗೆಲ್ಲುತ್ತಿದ್ದೇವೆಂದು ಅಷ್ಟೊಂದು ಸಿಟ್ಟಾದ ಮನುಷ್ಯನನ್ನು ನಾನು ಕಂಡಿಲ್ಲ.

"ಏನೋ ಮಾಡ್ತಿದ್ದೀಯ ನೀನು? ನಾನ್ ಹೇಳಿದ್ದೇನು, ನೀನ್ ಆಡಿದ್ದೇನು?"

"ನೀವ್ ನಂಬರ್ ಹೇಳಿದ್ರಿ ಕೋಚ್, ನಾನ್ ಓದ್ದೆ. ವಿಚಿತ್ರ ಅನ್ನಿಸ್ತು. ಆದ್ರೆ ಯೋಚನೆ ಮಾಡ್ಬೇಡ ಅಂದಿದ್ದೀರಲ್ಲ!"

ನಾನು ಹತ್ತಿರ ಹೋಗಿ ಅವನ ಮುಂಗೈ ನೋಡಿದೆ. ಚೀಟಿಯ ಮೇಲ್ಗಡೆ ಟಲ್ಸಾ ಎಂದಿತ್ತು. ಹೊರಗಿನ ಕೋಟಿನ ಜೇಬಿನಿಂದ ಸರಿಯಾದ ಚೀಟಿ ತೆಗೆದು ಕೋಚ್ ಕೈಗೆ ಕೊಟ್ಟೆ. "ತಪ್ಪಾಗೋಯ್ತು ಕೋಚ್. ಮೂವತ್ತೊಂದು ವರ್ಷಕ್ಕೆ ಇದೇ ಮೊದಲ್ನೇದು. ಈಗ್ಲೇ ಬದಲಾಯಿಸ್ತೀನಿ" ಎಂದೆ.

ಅವರು ಚೀಟಿ ನೋಡಿದರು. ಅಂಕ ತೋರಿಸುವ ಹಲಗೆ ನೋಡಿದರು. ವೇಡ್‌ನನ್ನು ನೋಡಿದರು. ಅಷ್ಟು ವರ್ಷದಲ್ಲಿ ವೇಡ್ ಮೈದಾನದಲ್ಲಿ ನಗುತ್ತಿದ್ದುದು ಅವತ್ತೇ. ಕೋಚ್ ಆ ಸರಿಯಾದ ಚೀಟಿಯನ್ನು ಮಡಿಸಿ ತಮ್ಮ ಟೋಪಿಯೊಳಗೆ ಸೇರಿಸಿಬಿಟ್ಟರು. ವೇಡ್‌ನ ಹೆಗಲ ಮೇಲೆ ಕೈಯಿಟ್ಟರು. "ಚೀಟಿನೂ ಬೇಡ, ಏನೂ ಬೇಡ. ಇನ್ಮೇಲೆ ನಿಂಗ್ ತೋಚಿದ್ದು ಆಡು" ಎಂದರು. ಆಮೇಲೆ ಮೈಕನ್ನು ಆರಿಸಿಬಿಟ್ಟರು, ಸಭಿಕರೇ! ನೀರಿನ ಬಾಟಲಿಯ ಮುಚ್ಚಳವನ್ನೂ ನಮ್ಮಿಷ್ಟಕ್ಕೆ ತಿರುಗಿಸಲು ಬಿಡದ ಮನುಷ್ಯ!

ಆದರೆ ಅವರ ತುಟಿ ಆಡುತ್ತಲೇ ಇತ್ತಲ್ಲ, ಟೀವಿಯಲ್ಲಿ ನೋಡಿದೆವಲ್ಲ ಎನ್ನುತ್ತೀರಿ. ಆಡುತ್ತಿತ್ತು. ಆಟಗಳ ಪಟ್ಟಿಯ ದೊಡ್ಡ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಮುಕ್ಕಾಲು ಪಂದ್ಯ ಏನೋ ಹೇಳುತ್ತಲೇ ಇದ್ದರು. ರೇಡಿಯೊದವರು ಅದನ್ನೇ ಮಹಾ ಯೋಜನೆ ಎಂದು ಹೊಗಳಿದ್ದು. ಪಕ್ಕದಲ್ಲಿ ನಿಂತಿದ್ದವನು ನಾನು. ಅವರು ನನ್ನನ್ನು ಬೈಯುತ್ತಿದ್ದರು! "ಲಿಯೊ, ಕತ್ತೆ ಮುದಿಯಾ, ಎರಡು ಕೋಟಂತೆ, ನಿನ್ನ ಕೋಟಿಗಿಷ್ಟು ಬೆಂಕಿ ಹಾಕ." ಪಂದ್ಯದ ನಾಲ್ಕು ಭಾಗಗಳಲ್ಲಿ ಎರಡನೆಯದು ಪೂರ್ತಿ ಇದೇ. ಮೂರನೆಯದರಲ್ಲಿ ನನ್ನ ಪೂರ್ವಜರು ಪೋಲೆಂಡಿನಿಂದ ಹಡಗು ಹತ್ತಿದ ದಿನಕ್ಕೂ ಬೈದರು. ನಾಲ್ಕನೆಯದರಲ್ಲಿ ಬೈಗುಳ ಮುಗಿದುಹೋಯಿತು. ಆಗ ಬಗ್ಗಿ ಕೇಳಿಸಿಕೊಂಡೆ. "ಎಸಿ ವೇಡ್, ಎಸಿ. ಎಸೀತಾನೆ ನೋಡು ಲಿಯೊ, ಎಸೀತಾನೆ" ಎನ್ನುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದರು. ನಾನೂ ಗಾಳಿಗೇ ಎಂದೆ.

ಹಾಗಾದರೆ ಇಷ್ಟು ದಿನ ಯಾಕೆ ಯಾರೂ ಬಾಯಿ ಬಿಡಲಿಲ್ಲ? ಪಂದ್ಯ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಕೋಚ್ ಪತ್ರಿಕೆಯವರ ಹತ್ತಿರ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಹೊರಟರು. ವೇಡ್ ಬಾಗಿಲಿಗೆ ಅಡ್ಡ ನಿಂತ. "ಬೇಡಿ ಕೋಚ್. ಅಜ್ಜ ಇನ್ನೊಂದು ತಿಂಗ್ಳಲ್ಲಿ ಬಿಟ್ಟು ಹೋಗ್ತಾನೆ. ಮೂವತ್ತೊಂದು ವರ್ಷ ದುಡಿದೋನು, ತಪ್ಪು ಚೀಟಿ ಕಟ್ಟಿದೋನು ಅಂತ ಊರವರ ಬಾಯಿಗೆ ಬೀಳೋದು ಬೇಡ. ಯೋಜನೆ ನಿಮ್ಮದೇ ಅನ್ನಿ" ಎಂದ. ಕೋಚ್ ಒಪ್ಪಲಿಲ್ಲ, ಜಗಳವಾಡಿದರು, ಕೊನೆಗೆ ನನ್ನ ಮುಖ ನೋಡಿ ಒಪ್ಪಿದರು. ಹೇಳಿ ಎಂದು ನಾನು ಅನ್ನಬಹುದಿತ್ತು. ಅನ್ನಲಿಲ್ಲ. ಹೆದರಿದೆ. ಈ ಫಲಕ ನನಗೆ ಬೇಕಿತ್ತು, ಸಭಿಕರೇ. ಅಷ್ಟೇ.

ಅವತ್ತಿನಿಂದ ಊರು ಕೋಚನ್ನು ಹೊಗಳುತ್ತಿದೆ, ವೇಡ್‌ನನ್ನು ಕಳಿಸಲು ನೋಡುತ್ತಿದೆ. ಒಬ್ಬರಿಗೆ ಹೊಗಳಿಕೆ ಚುಚ್ಚುತ್ತಿದೆ, ಇನ್ನೊಬ್ಬನ ಕೆಲಸ ಹೋಗುತ್ತಿದೆ. ಇಬ್ಬರೂ ನನಗೋಸ್ಕರ ತುಟಿ ಹೊಲಿದುಕೊಂಡಿದ್ದಾರೆ. ಅದಕ್ಕೇ ಈ ಎರಡು ಮುಖಗಳು ಒಂದನ್ನೊಂದು ನೋಡುತ್ತಿಲ್ಲ. ನನ್ನ ಹೆಸರು ಕಾಪಾಡುವುದಕ್ಕೆ ವೇಡ್ ತನ್ನ ಜಾಗ ಬಿಟ್ಟುಕೊಡುವುದಾದರೆ ನಾನು ಈ ಮೀನನ್ನು ಹೇಗೆ ನುಂಗಲಿ?

ಅಧ್ಯಕ್ಷರೇ, ಒಮಾಹಾ ಪಂದ್ಯ ಗೆದ್ದವರು ಯಾರೆಂದು ಒಂದು ತಿಂಗಳಿಂದ ಕೇಳುತ್ತಿದ್ದೀರಿ. ಎಸೆದವನು ವೇಡ್, ಎಸೆಯಲು ಬಿಟ್ಟವರು ಕೋಚ್. ಮುಕ್ಕಾಲು ಪಂದ್ಯ ಅಧಿಕಾರ ಕೈಯಲ್ಲಿದ್ದೂ ಅದನ್ನು ಬಳಸದೆ ನಿಂತ ಕೋಚನ್ನು ನೀವು ಬೇರೆ ಯಾವ ಊರಿನಿಂದ ಹುಡುಕಿ ತರುತ್ತೀರಿ? ಅವರು ಹಾಗೆ ನಿಂತರೆ ಆಡಬಲ್ಲ ಇನ್ನೊಬ್ಬನನ್ನು ಯಾವ ಕಾಲೇಜಿನಿಂದ ತರುತ್ತೀರಿ? ಒಬ್ಬರನ್ನು ಇಟ್ಟುಕೊಂಡು ಒಬ್ಬರನ್ನು ಕಳಿಸಿದರೆ ನಿಮಗೆ ಉಳಿಯುವುದು ಹದಿನೈದು ಸೋಲು ಮಾತ್ರ.

ಏನಂದಿರಿ ಮೇಡಂ? ಮೈಕು ಅವರ ಕಡೆ ತಿರುಗಿಸಿ. ಬೇಡವಂತೆ, ನಾನೇ ಹೇಳುತ್ತೇನೆ. ಇದೆಲ್ಲ ನಿಜವೇ, ಮುಂದಿನ ವರ್ಷ ಆಟ ಆರಿಸುವವರು ಯಾರು ಎಂದು ಅವರು ಕೋಚನ್ನು ಕೇಳುತ್ತಿದ್ದಾರೆ. ಸದ್ದು ಮಾಡಬೇಡಿ! ಕೋಚ್ ಎದ್ದು ನಿಂತರು. ಕೋಚ್, ಹೇಳಿ. ಕೈ ಎತ್ತುತ್ತಿದ್ದಾರೆ, ಬೆರಳು ತೋರಿಸುತ್ತಿದ್ದಾರೆ. ಯಾರ ಕಡೆ ಎಂದು ನೀವೇ ನೋಡಿ, ಹಿಂದಿನ ಸಾಲಿನವರು ಎದ್ದು ನಿಂತು ನೋಡಿ!

ವೇಡ್, ಕರವಸ್ತ್ರ ತೆಗೆದುಕೋ. ನನ್ನ ಹತ್ತಿರ ಟವೆಲು ಇಲ್ಲ, ಇವತ್ತು ರಜೆ.

ಅಧ್ಯಕ್ಷರು ಹೇಳುತ್ತಿದ್ದಾರೆ, ಕೇಳಿ: "ಇಬ್ರಿಗೂ ಇನ್ನೊಂದು ವರ್ಷ. ಸೋತ್ರೆ ಇಬ್ರೂ ಹೊರಗೆ."

ಕೂಗಿ! ಎಷ್ಟು ಬೇಕಾದರೂ ಕೂಗಿ! ಕುರ್ಚಿ ಮೇಲೆ ಮಾತ್ರ ಹತ್ತಬೇಡಿ, ಅವು ಚರ್ಚಿನವು. ಫಾದರ್, ನೀವೂ ಇಳಿಯಿರಿ. ಅಪ್ಪಿಕೊಂಡಿದ್ದು ಸಾಕು ಕೋಚ್, ಅವನ ಹೆಗಲು ಮುರಿದರೆ ಸೆಪ್ಟೆಂಬರಿನಲ್ಲಿ ಎಸೆಯುವವರು ಯಾರು?

ಸಭಿಕರೇ, ತಪ್ಪು ಮಾಡದವನು ಎಂದು ಈ ಫಲಕದಲ್ಲಿ ಬರೆದಿದ್ದಾರೆ. ಇದನ್ನು ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ. ಬೇಕಾದವರು ತಮ್ಮ ಹೆಸರು ಕೆತ್ತಿಸಿಕೊಳ್ಳಲಿ. ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೂ, ನನಗಾಗಿ ಸುಮ್ಮನಿದ್ದ ಈ ಇಬ್ಬರಿಗೂ, ಎರಡನೇ ಕೋಟು ತೊಡಿಸಿದ ಬರ್ನಡೈನ್‌ಗೂ, ಸೋತರೂ ಬರುತ್ತಲೇ ಇದ್ದ ನಿಮಗೂ ನನ್ನ ವಂದನೆಗಳು. ಮುಂದಿನ ಸೆಪ್ಟೆಂಬರಿನಲ್ಲಿ ನಾನೂ ನಿಮ್ಮ ನಡುವೆ ಕುಳಿತಿರುತ್ತೇನೆ. ಮೂವತ್ತೊಂದು ವರ್ಷ ಇವರ ಬೆನ್ನನ್ನೇ ನೋಡಿದವನು, ಇನ್ನು ಮುಖ ನೋಡಿ ಕೂಗಬೇಕು ಎಂದು ಆಸೆ.

ನಮಸ್ಕಾರ.