ಕಟ್ಟಡಕ್ಕೆ ಅಂಟಿಸಿದ ಸ್ಟಿಕರ್

ಅಂಗಡಿ ಲೈಸೆನ್ಸಿಗೆಂದು ನಗರಸಭೆಯ ಮೆಟ್ಟಿಲ ಮೇಲೆ ಕ್ಯೂ ನಿಂತು ಕಾಲು ಸೋತಿದ್ದ ಕ್ಷೌರಿಕ. ವಾರ್ಡಿಗೆ ಬಂದ ಅನುದಾನ ಹಂಚಿದ ಸಭೆಯಿಂದ ಹೊರಬಂದ ಅತ್ತಿಗೆ ನಾದಿನಿ ಅವನ ಪಕ್ಕದಲ್ಲೇ ಕುಸಿದು ಕೂತರು. ನಾದಿನಿಯೇ ಮೊದಲು ಬಾಯಿ ಬಿಟ್ಟಳು.

“ಮಕ್ಕಳ ಕೇಂದ್ರಕ್ಕೆ ಹೊಸ ಕಟ್ಟಡ ಕೊಟ್ಟರಲ್ಲ ಅತ್ತಿಗೆ. ಮತ್ತ್ಯಾಕೆ ಅಳ್ತೀರಿ?”

“ಅಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಆಯಾನ ತೆಗೆದುಬಿಟ್ರು ಕಣೆ. ನಾಳೆಯಿಂದ ಬರಬೇಡ ಅಂದ್ರಂತೆ ಅವಳಿಗೆ.”

“ಅಷ್ಟು ದುಡ್ಡು ಬಂದಿದೆಯಲ್ಲ?”

“ಅದು ಒಂದೇ ಸಲ ಬರೋ ದುಡ್ಡಂತೆ. ಇಟ್ಟಿಗೆಗೆ ಹಾಕಬಹುದು, ತಿಂಗಳ ಸಂಬಳಕ್ಕೆ ಮುಟ್ಟೋ ಹಾಗಿಲ್ಲವಂತೆ.”

“ಜನ ಕೇಳಿದ್ದನ್ನೇ ಕೊಡ್ತೀವಿ ಅಂದಿದ್ರು.”

“ಕೇಳಿದ್ದು ನಾನೇ ಅಲ್ವಾ. ಹೋದ ಸಭೇಲಿ ಗೋಡೆ ಮೇಲೆ ಚಿತ್ರಗಳನ್ನ ಹಾಕಿ, ಏನು ಬೇಕೋ ಆ ಚಿತ್ರಕ್ಕೆ ಸ್ಟಿಕರ್ ಅಂಟಿಸಿ ಅಂದ್ರು. ಇಡೀ ಬೀದಿಯವರ ಕೈ ಹಿಡಿದು ಕಟ್ಟಡದ ಚಿತ್ರಕ್ಕೇ ಅಂಟಿಸಿದೆ. ಕಟ್ಟಡ ಬಂದ್ರೆ ಆಯಾನೂ ಉಳೀತಾಳೆ ಅಂದ್ಕೊಂಡೆ.”

“ಇಷ್ಟು ದೊಡ್ಡದಾದ್ರೂ ಕತ್ತು ನಿಲ್ಲದ ಕೂಸು ನಿಮ್ಮದು. ಅವಳನ್ನ ಬಿಟ್ರೆ ಬೇರೆ ಯಾರ ಕೈಯಲ್ಲೂ ತುತ್ತು ನುಂಗಲ್ಲ.”

“ತಿನ್ನಿಸೋಕೆ ಅಂತ ನಾನು ಕೆಲಸ ಬಿಟ್ರೆ ಆ ತುತ್ತೂ ಇಲ್ಲ.”

ಕ್ಯೂ ಮುಂದೆ ಸರಿಯಿತು. ಕ್ಷೌರಿಕ ಸರಿಯಲಿಲ್ಲ.

“ಸೋಮವಾರ ಮೊದಲ ಇಟ್ಟಿಗೆ ನನ್ನ ಕೈಲೇ ಇಡಿಸ್ತಾರಂತೆ. ಫೋಟೋನೂ ತೆಗೀತಾರಂತೆ.”

“ಹೋಗ್ತೀರಾ?”

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು, ಮೆಟ್ಟಿಲಿಳಿಯುತ್ತಾ ಕೇಳಿದಳು:

“ಹೋದ್ರೆ, ಅಷ್ಟು ಹೊತ್ತು ಮಗೂನ ಯಾರು ನೋಡ್ಕೋತಾರೆ?”