ನಲವತ್ತೊಂದನೇ ನಂಬರಿನ ಮನೆ

ಅಸ್ಸಲಾಮು ಅಲೈಕುಂ.

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಊರಿನ ಮುಖ್ಯಸ್ಥರಾದ ಬಪಾಕ್ ಸುತಾರ್ಜೋ ಅವರೇ, ಎಂಬತ್ತೊಂದರ ವಯಸ್ಸಿನಲ್ಲಿ ಮೂರು ವಿಮಾನ ಬದಲಿಸಿ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಗುರುಗಳಾದ ಪ್ರೊಫೆಸರ್ ಡೆನ್‌ಹಾಮ್ ಅವರೇ, ಮಹಿಳಾ ಪ್ರಾರ್ಥನಾ ಮಂಡಳಿಯ ಹಿರಿಯರಾದ ಇಬು ರೊಫಿಯಾ ಅವರೇ, ಬೆಳಗಿನಿಂದ ಒಲೆಯ ಮುಂದೆ ಬೆವರು ಸುರಿಸುತ್ತಿರುವ, ಆ ನೆಪದಲ್ಲಿ ಈ ಭಾಷಣದಿಂದ ಪಾರಾಗಿರುವ ತಾಯಂದಿರೇ, ಮತ್ತು ಕಲಿಜಂಬುವಿನ ಸಮಸ್ತ ಸಭಿಕರೇ,

ನಮ್ಮ ಗುರುಗಳ ‘ಕಲಿಜಂಬುವಿನ ಮುಸಲ್ಮಾನರು’ ಎಂಬ ಪುಸ್ತಕ ಮೂವತ್ತಾರು ವರ್ಷಗಳ ಮೇಲೆ ನಮ್ಮ ಭಾಷೆಯಲ್ಲಿ ಇಂದು ಬಿಡುಗಡೆಯಾಗಿದೆ. ಅನುವಾದ ಮಾಡಿದವಳು ಎರಡು ಮಾತು ಆಡಬೇಕಂತೆ. ಎರಡೇ ಮಾತು ಎಂದು ಹೇಳಿ ಎರಡು ಗಂಟೆ ತೆಗೆದುಕೊಳ್ಳುವವರ ಊರು ನಮ್ಮದು. ನಾನೂ ಇದೇ ಊರಿನವಳು, ಹೆದರಬೇಡಿ.

ಮಾನವಶಾಸ್ತ್ರ ಎಂದರೇನು? ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ್ದೇನೆ. ಆದರೆ ನಮ್ಮ ಕರ್ತೋ ಅಜ್ಜ ಕೊಟ್ಟ ವಿವರಣೆಯನ್ನು ಯಾವ ಗ್ರಂಥದಲ್ಲೂ ಕಾಣಲಿಲ್ಲ. “ಇನ್ನೊಬ್ಬರ ಜಗಲೀಲಿ ಕೂತು, ಅವರದೇ ಕಾಫಿ ಕುಡಿದು, ಅವರಿಗೆ ಗೊತ್ತಿರೋದನ್ನ ಅವರನ್ನೇ ಕೇಳಿ ಬರ್ಕೊಳೋದು!” ನಗಬೇಡಿ, ಗುರುಗಳೂ ನಗುತ್ತಿದ್ದಾರೆ. ಇಸ್ಲಾಂ ಹೀಗಿರಬೇಕು ಎಂದು ಹೇಳುವ ಗ್ರಂಥಗಳು ಬೇಕಾದಷ್ಟಿವೆ. ಟೆಂಪೆ ಮಾರುವ ಹೆಂಗಸು, ಗದ್ದೆಯಲ್ಲಿ ನಾಟಿ ಹಾಕುವ ಗಂಡಸು ಅದನ್ನು ದಿನದಿನವೂ ಹೇಗೆ ಬದುಕುತ್ತಾರೆ ಎಂದು ಕೇಳಲು ಆ ಕಾಲದಲ್ಲಿ ಯಾರು ಬಂದಿದ್ದರು? ಇವರು ಬಂದರು. ಅದಕ್ಕಾಗಿ ಅವರಿಗೆ ನಾನು ಋಣಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಮಾತು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.

ಅವರು ಬಂದಾಗ ನನಗೆ ಇಪ್ಪತ್ತೆರಡು. ಊರಿನಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಎಂದು ಸಹಾಯಕಿಯಾಗಿ ಇಟ್ಟುಕೊಂಡರು. ನನ್ನ ಮೊದಲ ಕೆಲಸ, ಅರವತ್ಮೂರು ಮನೆಗಳ ಬಾಗಿಲಿಗೆ ಸುಣ್ಣದಲ್ಲಿ ನಂಬರು ಬರೆಯುವುದು. ಎರಡನೆಯ ಕೆಲಸ, ಮನೆಮನೆಗೆ ಹೋಗಿ “ನೀವು ನಮಾಜು ಮಾಡುತ್ತೀರಾ?” ಎಂದು ಕೇಳುವುದು. ಐದು ಹೊತ್ತೂ ಮಾಡುವವರಿಗೆ ತುಂಬಿದ ಬೊಟ್ಟು, ಆಗೊಮ್ಮೆ ಈಗೊಮ್ಮೆ ಮಾಡುವವರಿಗೆ ಅರ್ಧ ಬೊಟ್ಟು, ಮಾಡದವರಿಗೆ ಸೊನ್ನೆ. ಗುರುಗಳು ಒಂದೇ ಒಂದು ನಿಯಮ ಕಲಿಸಿದ್ದರು. “ವಾರ್ತಿನಿ, ಅವರು ಹೇಳಿದ್ದನ್ನ ಬರಿ. ನಿನಗೆ ಗೊತ್ತಿರೋದನ್ನ ಬರೀಬೇಡ.” ಒಳ್ಳೆಯ ನಿಯಮ. ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸಿದೆ.

ಆದರೆ ಸಭಿಕರೇ, ನಮ್ಮವರನ್ನು ಹಾಗೆ ಕೇಳಬಹುದೇ? ಮಸೀದಿಯ ನಗಾರಿಯನ್ನು ಐವತ್ತು ವರ್ಷ ಐದು ಹೊತ್ತೂ ತಪ್ಪದೆ ಬಾರಿಸಿದ ಅದೇ ಕರ್ತೋ ಅಜ್ಜನನ್ನು ಕೇಳಿದೆ. “ನಾನು ನಗಾರಿ ಬಡಿಯೋನಮ್ಮ. ನಂದೂ ಒಂದು ನಮಾಜೇ?” ಎಂದರು. ಸೊನ್ನೆ. ಕೋಳಿ ಅಂಕದ ಗಿಮಾನ್ ಅಣ್ಣನನ್ನು ಕೇಳಿದೆ. “ಐದು ಹೊತ್ತೂ ಮಾಡ್ತೀನಿ, ಬರ್ಕೋ! ಬೇಕಾದ್ರೆ ಆರು ಅಂತ ಹಾಕ್ಕೋ!” ತುಂಬಿದ ಬೊಟ್ಟು! ಮಾಡುವವರು ಹೇಳಿಕೊಳ್ಳಲಿಲ್ಲ, ಹೇಳಿಕೊಂಡವರು ಮಾಡಲಿಲ್ಲ. ದೇವರ ಮುಂದೆ ಮಾಡಿದ್ದನ್ನು ಅತಿಥಿಯ ಮುಂದೆ ಎತ್ತಿ ಆಡಿದರೆ ಅದು ಕೆಟ್ಟುಹೋಗುತ್ತದೆ ಎಂದು ನಂಬಿದ ಊರಿಗೆ ನಾವು ಲೆಕ್ಕದ ಹಾಳೆ ಹಿಡಿದು ಹೋಗಿದ್ದೆವು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ನಾವು ತುಳುಕಿದ್ದನ್ನಷ್ಟೇ ಅಳೆದುಕೊಂಡು ಬಂದೆವು.

ನಲವತ್ತೊಂದನೇ ನಂಬರಿನದು ನಮ್ಮ ಮನೆ.

ನನ್ನ ತಾಯಿ ಸಮಿಂತೆನ್. ಸೋಯಾ ಕಾಳು ತೊಳೆದು, ಬೇಯಿಸಿ, ಹುದುಗಿಸಿ ಟೆಂಪೆ ಮಾಡಿ ಬಾಳೆ ಎಲೆಯಲ್ಲಿ ಕಟ್ಟಿ ಮಾರುತ್ತಿದ್ದಳು. ಊರಿನಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆದು, ಕಫನದ ಬಟ್ಟೆ ಉಡಿಸಿ ಕಳಿಸುತ್ತಿದ್ದವಳೂ ಅವಳೇ. ನಿಮ್ಮಲ್ಲಿ ಎಷ್ಟು ಜನರ ಅಜ್ಜಿಯರು ಅವಳ ಕೈಯಿಂದ ಕೊನೆಯ ನೀರು ಹಾಕಿಸಿಕೊಂಡರು ಎಂಬುದು ನಿಮಗೇ ಗೊತ್ತು.

ಅಂದು ಗುರುಗಳು ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಅಮ್ಮ ಕಾಫಿ ತಂದಿಟ್ಟಳು. ನಾನು ಪೆನ್ನು ಹಿಡಿದು ಹೆತ್ತ ತಾಯಿಯನ್ನೇ ಕೇಳಿದೆ, “ಅಮ್ಮಾ, ನೀನು ನಮಾಜು ಮಾಡ್ತೀಯಾ?” ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಅತಿಥಿಗಳನ್ನು ನೋಡಿ ನಕ್ಕು, “ಅಯ್ಯೋ, ನಮ್ಮಂಥೋರದು ಎಂಥ ನಮಾಜು ಬಿಡಿ! ಸೋಯಾ ತೊಳೆಯೋದಕ್ಕೇ ಹೊತ್ತು ಸಾಲಲ್ಲ. ಕಾಫಿ ಆರಿಹೋಗುತ್ತೆ, ಕುಡೀರಿ” ಎಂದಳು.

ಸೊನ್ನೆ ಹಾಕಿದೆ.

ನನಗೆ ಗೊತ್ತಿರಲಿಲ್ಲವೇ? ಬೆಳಕು ಹರಿಯುವ ಮೊದಲು ಹಿತ್ತಲಿನ ಮಣ್ಣಿನ ಕೊಡದಿಂದ ನೀರು ಬೀಳುವ ಸದ್ದು ಕೇಳಿಕೊಂಡೇ ಬೆಳೆದವಳು ನಾನು. ಸೋಯಾ ತೊಳೆಯುವ ಸದ್ದು ಎಂದುಕೊಳ್ಳಬಹುದಿತ್ತು. ಆದರೆ ಸೋಯಾ ತೊಳೆಯುವವರು ಮೂರು ಸಲ, ಮತ್ತೆ ಮೂರು ಸಲ, ಮತ್ತೆ ಮೂರು ಸಲ ಎಂದು ನೀರು ಬಿಟ್ಟುಕೊಳ್ಳುವುದಿಲ್ಲ. ಅದು ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ಲೆಕ್ಕ. ಆಮೇಲೆ ಬಿದಿರ ತಟ್ಟಿಯ ಆಚೆ ಚಾಪೆ ಬಿಚ್ಚುವ ಸದ್ದು, ಪಿಸುಮಾತು. ಎಲ್ಲವೂ ಗೊತ್ತಿತ್ತು. ಆದರೂ ಏಕೆ ಬರೆದೆ? ನಿಯಮ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ತಾಯಿಯ ಪರವಾಗಿ ಬೊಟ್ಟು ತುಂಬಿದಳು ಎಂದು ಗುರುಗಳು ಅಂದುಕೊಂಡರೆ ಎಂಬ ಅಂಜಿಕೆಯೂ ಇತ್ತು. ಆ ವರ್ಷವೇ ಅವರು ನನಗೆ ವಿಶ್ವವಿದ್ಯಾಲಯದಲ್ಲಿ ಸೀಟು ಕೊಡಿಸುವವರಿದ್ದರು.

ಈ ಸೀಟಿನ ಮಾತನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಸ್ವಲ್ಪ ನೀರು ಕುಡಿಯುತ್ತೇನೆ.

ಎರಡು ವರ್ಷದಲ್ಲಿ ಪುಸ್ತಕ ಬಂತು. ನೂರ ಹನ್ನೆರಡನೆಯ ಪುಟದಲ್ಲಿ ಅರವತ್ಮೂರು ಮನೆಗಳ ಪಟ್ಟಿ. ಗುರುಗಳು ಯಾರ ಹೆಸರನ್ನೂ ಹಾಕಿರಲಿಲ್ಲ, ನಂಬರು ಮಾತ್ರ. ಆದರೆ ಆ ನಂಬರುಗಳನ್ನು ನಾನೇ ಬಾಗಿಲ ಮೇಲೆ ಬರೆದಿಟ್ಟಿದ್ದೆನಲ್ಲ! ಪೇಟೆಯ ಪತ್ರಿಕೆಯೊಂದು ಪಟ್ಟಿಯನ್ನು ಅಚ್ಚು ಹಾಕಿ, ಇದು ನಮಾಜು ಮರೆತ ಊರು ಎಂದು ಬರೆಯಿತು. ಊರಿನಲ್ಲಿ ಹೊಸದಾಗಿ ಪ್ರಾರ್ಥನಾ ಮಂಡಳಿ ಹುಟ್ಟಿತು. ಇಬು ರೊಫಿಯಾ, ಆಗ ನಿಮಗೆ ಮೂವತ್ತೂ ಆಗಿರಲಿಲ್ಲ. ತಪ್ಪು ತಿಳಿಯಬೇಡಿ, ಈ ಮಾತು ಹೇಳಲು ನಿಮ್ಮ ಅಪ್ಪಣೆ ಪಡೆದೇ ಬಂದಿದ್ದೇನೆ. ಆ ಪತ್ರಿಕೆಯನ್ನು ಸೆರಗಿನಲ್ಲಿ ಮಡಿಸಿಟ್ಟುಕೊಂಡು ಬಂದು ನೀವು ಅಮ್ಮನಿಗೆ ಮೆಲ್ಲಗೇ ಹೇಳಿದಿರಿ, “ಸಮಿಂತೆನ್ ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಮಾಜಿಲ್ಲದ ಕೈಯಲ್ಲಿ ಮಯ್ಯತ್ ತೊಳೆಸಬಾರ್ದು ಅಂತಾರೆ. ಇನ್ಮೇಲೆ ನಾವೇ ನೋಡ್ಕೋತೀವಿ.”

ಅಮ್ಮ ಏನು ಹೇಳಬಹುದಿತ್ತು? ‘ನಾನೂ ಮಾಡುತ್ತೇನೆ’ ಎಂಬ ಒಂದು ಮಾತು ಸಾಕಿತ್ತು. “ಆಗ್ಲಿ ತಾಯಿ. ನೀರು ಉಗುರು ಬೆಚ್ಚಗಿರಲಿ, ಬಿಸಿ ಮಾಡ್ಬೇಡಿ” ಎಂದಳಂತೆ. ರಜೆಗೆ ಬಂದಾಗ ನಾನು ಅತ್ತೆ. “ಅಳೋದ್ಯಾಕೆ? ನನ್ನ ಕೈ ಹಗುರಾಯ್ತು. ನೀನು ಓದ್ಕೋ ಹೋಗು” ಎಂದಳು. ಬಾಗಿಲ ಮೇಲಿನ ನಲವತ್ತೊಂದನ್ನು ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ಹೋದೆ. “ಇರ್ಲಿ ಬಿಡು, ನಿನ್ನ ಅಕ್ಷರ ಚೆನ್ನಾಗಿದೆ” ಎಂದು ತಡೆದಳು.

ಹನ್ನೊಂದು ವರ್ಷದ ಹಿಂದೆ ಅಮ್ಮ ಹೋದಳು. ನಾನು ನಗರದಿಂದ ಬಂದು ಮುಟ್ಟುವಷ್ಟರಲ್ಲಿ ಕಫನ ಉಡಿಸಿ ಆಗಿತ್ತು. ತೊಳೆದವರು ಇಬು ರೊಫಿಯಾ. ಅವರು ನನ್ನ ಕೈ ಹಿಡಿದು ಹಿತ್ತಲಿಗೆ, ಆ ಮಣ್ಣಿನ ಕೊಡದ ಹತ್ತಿರಕ್ಕೆ ಕರೆದುಕೊಂಡು ಹೋದರು. “ವಾರ್ತಿನೀ, ತೊಳೆಯೋರು ಕಂಡ ಕೆಟ್ಟದ್ದನ್ನ ಮುಚ್ಚಿಡಬೇಕು, ಒಳ್ಳೇದನ್ನ ಹೇಳ್ಬಹುದು. ನಿಮ್ಮಮ್ಮನ ಎಡಗಾಲಿನ ಹರಡಿನ ಮೇಲೆ ಜಡ್ಡು ಇತ್ತು ಕಣೇ. ಕಪ್ಪಗೆ, ಚರ್ಮ ಕಲ್ಲಾಗಿಬಿಟ್ಟಿತ್ತು. ಕಾಲು ಮಡಿಸಿ ಚಾಪೆ ಮೇಲೆ ಕೂತೂ ಕೂತೂ ಬರೋ ಜಡ್ಡು. ಮಂಡಳಿ ಕಟ್ಟಿದ ನನ್ನ ಕಾಲಲ್ಲೂ ಅಷ್ಟಿಲ್ಲ ನೋಡು.” ಹೀಗೆಂದು ತಾವು ಉಟ್ಟ ಬಟ್ಟೆಯ ಅಂಚು ಎತ್ತಿ ಕಾಲು ತೋರಿಸಿ ಅತ್ತರು. ನಾನೂ ಅತ್ತೆ. ಊರಿನಲ್ಲಿ ಇಷ್ಟು ಸರಿಯಾಗಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞೆ ಇನ್ನೊಬ್ಬರಿಲ್ಲ.

ಗುರುಗಳೇ, ಈಗ ನಿಮಗೊಂದು ತಪ್ಪೊಪ್ಪಿಗೆ. ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೇ ತರುವುದು ಅನುವಾದಕಿಯ ಧರ್ಮ. ನೂರ ಹನ್ನೆರಡನೆಯ ಪುಟದಲ್ಲಿ ನಾನು ಆ ಧರ್ಮ ಮುರಿದಿದ್ದೇನೆ. ನಲವತ್ತೊಂದರ ಮುಂದೆ ಸೊನ್ನೆ ಬರೆಯಲು ಕೈ ಬರಲಿಲ್ಲ. ಹಾಗಾದರೆ ಬೊಟ್ಟು ತುಂಬಬಹುದಿತ್ತಲ್ಲ? ಪೆನ್ನು ಹಿಡಿದುಕೊಂಡು ಒಂದು ವಾರ ಕುಳಿತೆ. ಅವಳು ಬಾಯಿ ಬಿಟ್ಟು ಹೇಳದೆ ಹೋದದ್ದನ್ನು ಅಚ್ಚು ಹಾಕಿಸಲು ನಾನು ಯಾರು? ಜಾಗವನ್ನು ಖಾಲಿ ಬಿಟ್ಟೆ. ಮುದ್ರಣಾಲಯದವರು ಮೂರು ಸಲ ಫೋನ್ ಮಾಡಿದರು. “ಇಬು ವಾರ್ತಿನಿ, ನಲವತ್ತೊಂದರ ಮುಂದೆ ಏನೋ ಬಿಟ್ಟುಹೋಗಿದೆ.” “ಬಿಟ್ಟುಹೋಗಿಲ್ಲಪ್ಪ, ನಾನೇ ಬಿಟ್ಟಿದ್ದೀನಿ” ಎಂದೆ. ನಿಮ್ಮನ್ನು ಕೇಳದೆ ಮಾಡಿದ ಕೆಲಸ. ಶಿಷ್ಯೆಯ ಮೇಲೆ ಸಿಟ್ಟಾಗುವ ಹಕ್ಕು ನಿಮಗಿದೆ.

ಆದರೆ ಈಗ, ಇಲ್ಲಿ ನಿಂತಿರುವಾಗ ಹೊಳೆಯುತ್ತಿದೆ. ಅಚ್ಚಿನಲ್ಲಿ ಬೇಡವೆಂದು ಬಿಟ್ಟದ್ದನ್ನು ಮೈಕಿನಲ್ಲಿ ಊರಿಗೆಲ್ಲ ಹೇಳಿಬಿಟ್ಟೆನಲ್ಲ! ಅಂದು ಅತಿಥಿಯ ಮುಂದೆ ಕೇಳಿದೆ, ಇಂದು ಸಭೆಯ ಮುಂದೆ ಹೇಳಿದೆ. ಅಮ್ಮಾ, ನನ್ನ ಬಾಯಿಗೆ ಇನ್ನೂ ಬುದ್ಧಿ ಬಂದಿಲ್ಲ. ಇದೊಂದು ಸಲ ಕ್ಷಮಿಸು.

ಸಭಿಕರೇ, ಅಡುಗೆಯಾಗಿದೆ, ಪರಿಮಳ ಬರುತ್ತಿದೆ. ಮನೆಗೆ ಹೋಗುವಾಗ ಅನ್ನದ ಪೊಟ್ಟಣ ತೆಗೆದುಕೊಂಡು ಹೋಗಿ, ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ನನ್ನ ಮಾತನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿ. ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತ ನಿಮಗೂ, ಪೆನ್ನು ಹಿಡಿಯಲು ಕಲಿಸಿದ ಗುರುಗಳಿಗೂ, ನನ್ನ ತಾಯಿಗೆ ಕೊನೆಯ ನೀರು ಹಾಕಿದ ಇಬು ರೊಫಿಯಾ ಅವರಿಗೂ ನನ್ನ ಧನ್ಯವಾದ. ನೂರ ಹನ್ನೆರಡನೆಯ ಪುಟದ ಆ ಖಾಲಿ ಜಾಗವನ್ನು ಅಚ್ಚಿನ ತಪ್ಪೆಂದುಕೊಂಡು ಯಾರೂ ಪೆನ್ನಿನಿಂದ ತುಂಬಬೇಡಿ. ನಮಸ್ಕಾರ.